ಕೇಸ್ ಮತ್ತು ರೀಟ್ ಅವರ ಕುರಿ ಸ್ಟೇಷನ್

ಹೋದ ವಾರ ಆಮ್ಸ್ಟರ್‌ಡ್ಯಾಮ್‌ನಲ್ಲಿ ಕೆಲಸ ಮುಗಿಸಿ ಜೈಡಾಸ್‌ನಲ್ಲಿ ಟ್ರೈನು ಹತ್ತಿದಾಗ ಪಕ್ಕದಲ್ಲಿ ಮುದುಕರೊಬ್ಬರು ಬಂದು ಕೂತರು. ಮಳೆಗೆ ಅವರ ಸ್ವೆಟರು ತೊಯ್ದು ತೊಪ್ಪೆಯಾಗಿತ್ತು. ಸ್ವಲ್ಪ ಜಿಡ್ಡು, ಸ್ವಲ್ಪ ಹುಲ್ಲು, ಸ್ವಲ್ಪ ನಾಯಿ ಸೇರಿದಂಥ ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಹಳೆಯ ವಾಸನೆಗಳಿಂದ ಜನರಿಗೆ ಕಣ್ಣು ತುಂಬಿ ಬರುತ್ತದಂತೆ. ನನಗೆ ಈ ಒಂದು ವಾಸನೆಗೆ ಹಲ್ಲು ಕಡಿಯುವಂತಾಗುತ್ತದೆ. ಡಚ್ಚರ ನಾಡಿನ ನೈಮೆಗನ್‌ನಲ್ಲಿ ನಾನಿದ್ದ ಕೊನೆಯ ವರ್ಷದ ಶನಿವಾರಗಳೆಲ್ಲ ಆ ವಾಸನೆಯಲ್ಲೇ ಹೋದವು. ಕೇಸ್ ಮತ್ತು ರೀಟ್ ಎಂಬ ಮುದಿ ಅಣ್ಣ ತಂಗಿಯರ ಅಡುಗೆಮನೆಯಲ್ಲಿ, ಕುರಿಯ ತುಪ್ಪಳ ಹಾಸಿದ ಕುರ್ಚಿಯ ಮೇಲೆ ಕೂತು, ಅವರಿಬ್ಬರ ಜಗಳ ಕೇಳುತ್ತ.

ನಾನು ಆಗಷ್ಟೇ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ. ಮುಗಿಸಿದ್ದೆ. ಓದು ಮುಗಿಸಿದ ಹೊರದೇಶದವರಿಗೆ ಕೆಲಸ ಹುಡುಕಿಕೊಳ್ಳಲು ಇಲ್ಲಿ ಒಂದು ವರ್ಷದ ಪರವಾನಗಿ ಕೊಡುತ್ತಾರೆ. ಝೂಕ್‌ಯಾರ್ ಎಂದರೆ ಹುಡುಕಾಟದ ವರ್ಷ. ಹೆಸರಿಗೆ ತಕ್ಕಂತೆ ನಾನು ಹುಡುಕುತ್ತಲೇ ಇದ್ದೆ. ಮ್ಯೂಸಿಯಮ್ಮುಗಳಿಗೆ ಅರ್ಜಿ ಹಾಕಿದರೆ ಡಚ್ ಚೆನ್ನಾಗಿ ಬರಬೇಕು ಅನ್ನುತ್ತಿದ್ದರು. ಬೇರೆ ಕಡೆ ಹಾಕಿದರೆ ಇತಿಹಾಸ ಓದಿದವರು ನಮಗೇಕೆ ಅನ್ನುತ್ತಿದ್ದರು. ಆಗ ನನ್ನ ಪ್ರೊಫೆಸರ್ ಒಂದು ದಾರಿ ತೋರಿಸಿದರು. ಊರ ಹೊರಗೆ, ವಾಲ್ ನದಿಯ ಏರಿಯ ಕೆಳಗಿನ ಹಳ್ಳಿಯೊಂದರಲ್ಲಿ ಒಂದು ಪುಟ್ಟ ಇತಿಹಾಸ ಸಂಘವಿದೆ, ಅವರು ಆಸ್ಟ್ರೇಲಿಯಾಕ್ಕೆ ಹೋಗಿ ಬಂದ ಒಂದು ಕುಟುಂಬದ ಬಗ್ಗೆ ಪುಸ್ತಕ ತರಬೇಕೆಂದಿದ್ದಾರೆ, ಆ ಅಣ್ಣ ತಂಗಿಗೆ ಇಂಗ್ಲಿಷು ಬರುತ್ತದೆ, ನೀನು ಹೋಗಿ ಕೇಳಿ ಬರೆದುಕೊಂಡು ಬಾ ಎಂದರು. "ಒಂದು ಸ್ಟೇಷನ್ನಿನ ಚರಿತ್ರೆ. ಎರಡು ತಿಂಗಳ ಕೆಲಸ," ಎಂದರು. ಸ್ಟೇಷನ್ ಅಂದಾಗ ನಾನು ರೈಲ್ವೆ ಸ್ಟೇಷನ್ ಅಂದುಕೊಂಡೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ, ಕಣ್ಣು ಹಾಯಿಸಿದಷ್ಟೂ ಕೆಂಪು ನೆಲವಿರುವಲ್ಲಿ, ಸಾವಿರಗಟ್ಟಲೆ ಕುರಿ ಸಾಕುವ ಜಾಗಕ್ಕೆ ಸ್ಟೇಷನ್ ಅನ್ನುತ್ತಾರೆ ಎಂದು ತಿಳಿದದ್ದು ಅಲ್ಲಿಗೆ ಹೋದ ಮೇಲೆ.

ಮೊದಲ ಸಲ ಹೋದದ್ದು ಅಕ್ಟೋಬರಿನ ಒಂದು ಶನಿವಾರ. ಏರಿಯ ಮೇಲೆ ಸೈಕಲ್ ತುಳಿಯುವುದೆಂದರೆ ಏನೆಂದು ಅವತ್ತು ಗೊತ್ತಾಯಿತು. ಹೋಗುವಾಗ ಎದುರುಗಾಳಿ. ಬರುವಾಗಲಾದರೂ ಬೆನ್ನಿಗೆ ಬೀಸೀತು ಎಂದುಕೊಂಡರೆ ಅಷ್ಟರಲ್ಲಿ ಗಾಳಿ ತಿರುಗಿ ಮತ್ತೆ ಎದುರಿಗೇ ಬಂತು. ಹೋದವಳು ಮೈಯೆಲ್ಲ ನೆನೆದು, ಕಿವಿ ಸೆಟೆದುಹೋಗಿ ಅವರ ಬಾಗಿಲು ತಟ್ಟಿದೆ. ಕೇಸ್ ಬಾಗಿಲು ತೆರೆದರು. ಎಂಬತ್ತರ ಹತ್ತಿರದ ಎತ್ತರದ ಮನುಷ್ಯ, ದೊಡ್ಡ ಕೈಗಳು. ಹಿಂದೆಯೇ ರೀಟ್, ಅವರಿಗಿಂತ ಮೂರು ವರ್ಷ ಚಿಕ್ಕವರು, ಅಣ್ಣನ ಭುಜಕ್ಕೂ ಬರದಷ್ಟು ಗಿಡ್ಡ. ಇಬ್ಬರೂ ಸಂಗಾತಿಗಳನ್ನು ಕಳೆದುಕೊಂಡ ಮೇಲೆ ಒಂದೇ ಮನೆಯಲ್ಲಿದ್ದರು. ಹಿಂದಿನ ಹುಲ್ಲುಗಾವಲಿನಲ್ಲಿ ಒಂದಷ್ಟು ಕುರಿಗಳಿದ್ದವು. ನಾನು ರೆಕಾರ್ಡರ್ ಆನ್ ಮಾಡಿ, "ಎಲ್ಲಿಂದ ಶುರು ಮಾಡೋಣ?" ಎಂದೆ. ಅದೇ ನಾನು ಮಾಡಿದ ತಪ್ಪು.

"ಮೊದಲು ಬಾವಿ," ಎಂದರು ಕೇಸ್. "ಮೊದಲನೇ ಯಜಮಾನ ಬಂದು ಕೊಳವೆ ಬಾವಿ ಕೊರೆಸಿದ. ಅದಕ್ಕೆ ಮುಂಚೆ ಅಲ್ಲಿ ಏನೂ ಇರಲಿಲ್ಲ."

"ಏನೂ ಇರಲಿಲ್ವಾ? ನಮ್ಮನೆ ಅಡುಗೆಯ ಡಾಲಿಯ ಜನ ಇದ್ದರಲ್ಲ," ಎಂದರು ರೀಟ್. "ನೀರು ಎಲ್ಲಿದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು."

"ಅದು ಸ್ಟೇಷನ್ನಿನ ಚರಿತ್ರೆ ಅಲ್ಲ."

"ಮತ್ಯಾರ ಚರಿತ್ರೆ ಅದು?"

ಅಲ್ಲಿಂದಾಚೆಗೆ ಡಚ್ ಭಾಷೆಯಲ್ಲಿ ಕಿತ್ತಾಡತೊಡಗಿದರು. ನನ್ನ ಮುಂದೆ ಇಟ್ಟಿದ್ದ ಕಾಫಿ ಆರಿತು. ಮೊದಲ ಪುಟದ ಮೊದಲ ಸಾಲು ಡಿಸೆಂಬರ್ ಬಂದರೂ ಇತ್ಯರ್ಥವಾಗಲಿಲ್ಲ.

ಧಾರವಾಡದ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ನನ್ನ ಅಪ್ಪನಿಗೆ ಫೋನಿನಲ್ಲಿ ಈ ಗೋಳು ಹೇಳಿಕೊಂಡರೆ ಅವರಿಗೆ ನಗುವೋ ನಗು.

"ಅವರ ಹೆಸರು ಏನಂದಿ?"

"ಕೇಸ್. ಅವರ ತಂಗಿ ರೀಟ್."

"ಅಲ್ಲವ್ವಾ, ಕೇಸು, ರಿಟ್ಟು ಎರಡೂ ಒಂದ ಮನ್ಯಾಗ ಅದಾವಂದ್ರ ತೀರ್ಪು ಹೆಂಗ ಆಗತೈತಿ? ಮುಂದಿನ ತಾರೀಖು ತೊಗೊಂಡು ಬಾ, ಅಷ್ಟ."

ಅಪ್ಪನ ಮಾತು ಖರೆಯಾಯಿತು. ಪ್ರತಿ ಶನಿವಾರವೂ ನಾನು ಮುಂದಿನ ತಾರೀಖು ತೆಗೆದುಕೊಂಡೇ ಬಂದೆ.

ಅಷ್ಟಿಷ್ಟು ಕೂಡಿಸಿಕೊಂಡದ್ದು ಇಷ್ಟು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿ ಮನೆಯಿಲ್ಲ, ಕೆಲಸವಿಲ್ಲ. ಇವರ ಅಪ್ಪ ಹೆಂಡತಿಯನ್ನೂ ಎರಡು ಎಳೆಯ ಮಕ್ಕಳನ್ನೂ ಕಟ್ಟಿಕೊಂಡು ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದರು. 'ಟೂ ಕ್ರೀಕ್ಸ್' ಎಂಬ ಸ್ಟೇಷನ್ನಿನಲ್ಲಿ ಆಳಾಗಿ ಸೇರಿ ಕೊನೆಗೆ ಮೇಲ್ವಿಚಾರಕರಾದರು. ಯಜಮಾನ ದೂರದ ನಗರದಲ್ಲಿದ್ದ. ಹೆಸರಿಗೆ ಎರಡು ತೊರೆ, ಎರಡರಲ್ಲೂ ವರ್ಷಗಟ್ಟಲೆ ನೀರಿರುತ್ತಿರಲಿಲ್ಲ. ಪಕ್ಕದ ಮನೆಗೆ ಹೋಗಬೇಕೆಂದರೆ ಅರ್ಧ ದಿನದ ದಾರಿ. ಮಕ್ಕಳ ಪಾಠ ರೇಡಿಯೋದಲ್ಲಿ. ಕೊಳವೆ ಬಾವಿಯ ನೀರು ಉಪ್ಪು, ಮುಟ್ಟಿದರೆ ಸುಡುವಷ್ಟು ಬಿಸಿ. ಬರಗಾಲದಲ್ಲಿ ಇವರಪ್ಪ ಮೇವಿಲ್ಲದ ಕುರಿಗಳನ್ನು ಕೋವಿಯಿಂದ ಕೊಂದು ಗುಂಡಿಗೆ ತಳ್ಳಿದ್ದರಂತೆ. ಮರುವರ್ಷವೇ ಪ್ರವಾಹ ಬಂದು ಉಳಿದ ಕುರಿಗಳು ಒಂದು ದಿಬ್ಬದ ಮೇಲೆ ಮೈಗೆ ಮೈ ತಾಗಿಸಿಕೊಂಡು ನಿಂತಿದ್ದವಂತೆ. ಇದನ್ನೆಲ್ಲ ಕೇಸ್ ಸೊಗಸಾಗಿ ಹೇಳುತ್ತಿದ್ದರು. ಉಣ್ಣೆ ಕತ್ತರಿಸುವ ತಂಡ ಬಂದಾಗ ಶೆಡ್ಡಿನಲ್ಲಿ ಏಳುತ್ತಿದ್ದ ಧೂಳು, ಬೈಗುಳ, ಬೆವರು ಎಲ್ಲವನ್ನೂ ಎದ್ದು ನಿಂತು ತೋರಿಸುತ್ತಿದ್ದರು. ಆದರೆ ಗಾಳಿಯಂತ್ರದ ಪಂಪಿನ ವಿಷಯ ಬಂತೋ, ಮುಗಿಯಿತು. ಯಾವ ಪಂಪು, ಎಷ್ಟು ಆಳ, ಯಾವ ವಾಷರು ಸವೆಯುತ್ತಿತ್ತು. ನನ್ನ ಒಂದು ಇಡೀ ಶನಿವಾರವನ್ನು ವಾಷರು ತಿಂದುಹಾಕಿತು.

ರೀಟ್ ಹೇಳುತ್ತಿದ್ದದ್ದು ಡಾಲಿಯ ಬಗ್ಗೆ. ಡಾಲಿ ಅಲ್ಲಿನ ಮೂಲನಿವಾಸಿ ಹೆಂಗಸು. ತೊರೆಯ ದಂಡೆಯಲ್ಲಿ ತಗಡಿನ ಗುಡಿಸಲಲ್ಲಿದ್ದಳು. ಇವರ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಅದಕ್ಕೆ ಪ್ರತಿಯಾಗಿ ಅವಳಿಗೆ ಸಿಗುತ್ತಿದ್ದದ್ದು ಹಿಟ್ಟು, ಸಕ್ಕರೆ, ಚಹಾಪುಡಿ. ರೀಟ್‌ಗೆ ಸ್ನಾನ ಮಾಡಿಸಿದವಳು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡವಳು, ಬೂದಿಯಲ್ಲಿ ರೊಟ್ಟಿ ಸುಟ್ಟು ಮೊದಲ ತುಂಡು ಕೈಗಿಟ್ಟವಳು ಅವಳೇ.

"ಅವಳಿಗೊಬ್ಬಳು ಮಗಳಿದ್ದಳು," ಎಂದು ರೀಟ್ ಶುರು ಮಾಡುತ್ತಿದ್ದರು. "ಒಂದು ದಿನ ಸರ್ಕಾರದವರು ಕಾರಲ್ಲಿ ಬಂದರು..." ಅಷ್ಟು ಹೇಳಿ ನಿಲ್ಲಿಸಿ, "ಆಲೂಗಡ್ಡೆ ಬೆಂದಿತಾ ನೋಡ್ತೀನಿ," ಎಂದು ಎದ್ದುಬಿಡುತ್ತಿದ್ದರು. ನಾನು ಕಾಯುತ್ತಿದ್ದೆ. ಆಲೂಗಡ್ಡೆ ಬೇಯುತ್ತಿತ್ತು, ಕಥೆ ಮಾತ್ರ ಬೇಯುತ್ತಿರಲಿಲ್ಲ.

ನಾನು ಲೈಬ್ರರಿಯಲ್ಲಿ ಕೂತು ಓದಿದೆ. ಆ ಕಾಲದಲ್ಲಿ ಅಲ್ಲಿನ ಬಿಳಿಯರ ಸರ್ಕಾರ ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರಿಂದ ಬಿಡಿಸಿ ದೂರದ ಹಾಸ್ಟೆಲುಗಳಿಗೆ, ಬಿಳಿಯರ ಮನೆಗೆಲಸಕ್ಕೆ ಕಳಿಸುತ್ತಿತ್ತು. ರೀಟ್ ಹೇಳಲು ಹೊರಟದ್ದು ಅದನ್ನೇ. ಮುಂದಿನ ಶನಿವಾರ ಹೋಗಿ ನೇರವಾಗಿ ಕೇಳಿದೆ.

"ಅಂಥದ್ದೇನೂ ಆಗಿಲ್ಲ," ಎಂದರು ಕೇಸ್. "ಡಾಲಿ ಮಗಳನ್ನ ಕರಕೊಂಡು ಬೇರೆ ಕಡೆ ಹೋದಳು. ಅವರು ಒಂದು ಕಡೆ ನಿಲ್ಲೋ ಜನ ಅಲ್ಲ."

"ಹೋಗಲಿಲ್ಲ," ಎಂದರು ರೀಟ್. "ಒಯ್ದರು."

"ನೀನು ಆಗ ಏಳು ವರ್ಷದವಳು."

"ನೀನೇನು ಎಪ್ಪತ್ತು ವರ್ಷದವನಾಗಿದ್ದೆಯಾ?"

ಹೋದಳೋ, ಒಯ್ದರೋ. ಚಳಿಗಾಲವಿಡೀ ಆ ಎರಡು ಕ್ರಿಯಾಪದಗಳ ನಡುವೆ ನಾನು ಸಿಕ್ಕಿಬಿದ್ದೆ. ಹೊರಗೆ ವಾಲ್ ನದಿ ಉಕ್ಕಿ ಏರಿಯ ಬುಡದವರೆಗೂ ನೀರು ಬಂತು. ನದಿ ಕಡೆಯ ಹುಲ್ಲುಗಾವಲಿನ ಬೇಲಿಗೂಟಗಳ ತಲೆ ಮಾತ್ರ ಕಾಣುತ್ತಿತ್ತು. ಮಧ್ಯಾಹ್ನಕ್ಕೇ ಕತ್ತಲಾಗುವ ದಿನಗಳು. ಒಳಗೆ ತುಪ್ಪಳದ ಕುರ್ಚಿ, ಎರಡು ಒದ್ದೆ ನಾಯಿ, ಎರಡು ಕ್ರಿಯಾಪದ. ಇಷ್ಟು ಸಾಲದು ಎಂದು ವಾರದ ನಡುವೆ ಇಬ್ಬರೂ ಬೇರೆ ಬೇರೆಯಾಗಿ ಫೋನ್ ಮಾಡುತ್ತಿದ್ದರು. "ಅವಳು ಹೇಳಿದ್ದನ್ನ ಬರೀಬೇಡ," ಎಂದು ಕೇಸ್. "ಅವನು ಹೇಳಿದ್ದನ್ನ ನಂಬಬೇಡ," ಎಂದು ರೀಟ್.

ನನ್ನ ರೂಮ್‌ಮೇಟ್ ಮೇಘನಾ ಮೈಸೂರಿನವಳು, ಚಿಪ್ ಕಂಪನಿಯೊಂದರಲ್ಲಿ ಎಂಜಿನಿಯರ್. ಅವಳಿಗೆ ನನ್ನ ಪಾಡು ನೋಡಿ ಸಾಕಾಗಿತ್ತು.

"ಲೇ, ಬಿಟ್ಟಾಕು ಕಣೆ. ನಿನ್ ಪರ್ಮಿಟ್ ಎಕ್ಸ್‌ಪೈರ್ ಆಗ್ತಿದೆ, ನೀನು ಯಾರ್ದೋ ಕುರಿ ಹಿಂದೆ ಓಡ್ತಿದೀಯಾ. ಇಬ್ರೂ ಹೇಳಿದ್ದನ್ನೂ ಹಾಕು, 'ಒಪೀನಿಯನ್ಸ್ ಡಿಫರ್' ಅಂತ ಬರಿ, ಕಳ್ಸು, ಡನ್."

ಹಾಗೆ ಬರೆದೂ ನೋಡಿದೆ. ಜನವರಿಯಲ್ಲಿ ಆ ಅಧ್ಯಾಯವನ್ನು ಇಬ್ಬರ ಕೈಗೂ ಕೊಟ್ಟೆ. ಅದೊಂದೇ ಸಲ ಅಣ್ಣ ತಂಗಿ ಒಂದಾದದ್ದು. ಇಬ್ಬರೂ ಸೇರಿ ಅದನ್ನು ತಿರಸ್ಕರಿಸಿದರು.

ಮಾರ್ಚಿನಲ್ಲಿ ಕುರಿಗಳು ಮರಿ ಹಾಕುವ ಕಾಲ. ಆ ಶನಿವಾರ ನಾನು ಹೋದಾಗ ಕೊಟ್ಟಿಗೆಯಲ್ಲಿ ಕುರಿಯೊಂದು ಮರಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಬಾಟಲಿಯಲ್ಲಿ ಹಾಲು ಕುಡಿಸೋಣ ಎಂದು ರೀಟ್. ಇನ್ನೊಂದು ದಿನ ನೋಡೋಣ ಎಂದು ಕೇಸ್. ಅಲ್ಲಿಂದ ಜಗಳ ಅಡುಗೆಮನೆಗೆ ಬಂತು. ಅಲ್ಲಿಂದ ಅರವತ್ತು ಚಿಲ್ಲರೆ ವರ್ಷ ಹಿಂದಕ್ಕೆ, ಡಾಲಿಯ ತಗಡಿನ ಗುಡಿಸಲಿಗೆ ಹೋಯಿತು. ಅಂದು ಬೆಳಗ್ಗೆಯಷ್ಟೇ ನನಗೆ ಇನ್ನೊಂದು ಮ್ಯೂಸಿಯಮ್ಮಿನಿಂದ ಬೇಡವೆಂಬ ಉತ್ತರ ಬಂದಿತ್ತು. ದಾರಿಯಲ್ಲಿ ಸೈಕಲ್ ಚೈನು ಬಿದ್ದು ಕೈಯೆಲ್ಲ ಮಸಿಯಾಗಿತ್ತು. ರೀಟ್ ಮತ್ತೆ "ಡಾಲಿಯ ಮಗಳನ್ನ..." ಎಂದರು. ಕೇಸ್ ಮತ್ತೆ "ಅಂಥದ್ದೇನೂ ಇಲ್ಲ" ಎಂದರು. ನನ್ನ ತಾಳ್ಮೆ ಕಿತ್ತುಹೋಯಿತು.

"ಸಾಕ ಮಾಡ್ರಿ ಇನ್ನ!" ಎಂದು ಕೂಗಿದೆ. ಸಿಟ್ಟಿನಲ್ಲಿ ನನಗೆ ಧಾರವಾಡ ಬಿಟ್ಟು ಬೇರೇನೂ ನಾಲಿಗೆಗೆ ಬರುವುದಿಲ್ಲ. ಇಬ್ಬರೂ ಬೆಚ್ಚಿ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ: "ಡಾಲಿಯ ಮಗಳು, ಡಾಲಿಯ ಮಗಳು. ಎಷ್ಟು ತಿಂಗಳಿಂದ ಕೇಳ್ತಿದೀನಿ. ಆ ಹುಡುಗಿಗೆ ಒಂದು ಹೆಸರಿಲ್ವಾ? ಹೆಸರೇ ಇಲ್ಲದವಳು ಹೋದಳು ಅಂತ ಬರೆಯೋದು ಹೇಗೆ, ಒಯ್ದರು ಅಂತ ಬರೆಯೋದು ಹೇಗೆ?"

ರೀಟ್ ಕುರ್ಚಿಯಲ್ಲಿ ಕುಸಿದು ಕೂತರು. "ನನಗೆ ನೆನಪಿಲ್ಲ," ಎಂದರು. "ಅವತ್ತು ಅಪ್ಪ ಡಾಲಿಯನ್ನ ದೂರದ ಶೆಡ್ಡು ಗುಡಿಸೋಕೆ ಕಳಿಸಿದ್ದರು. ಅವಳು ವಾಪಸು ಬಂದಾಗ ಸಂಜೆ. ತೊರೆಯ ಉದ್ದಕ್ಕೂ ಮಗಳ ಹೆಸರು ಹಿಡಿದು ಕೂಗಿದಳು. ಅಮ್ಮ ಅಡುಗೆಮನೆ ಕಿಟಕಿ ಮುಚ್ಚಿದರು. ಆ ಕೂಗು ಈಗಲೂ ಕೇಳಿಸುತ್ತೆ. ಆದರೆ ಹೆಸರು ಕೇಳಿಸಲ್ಲ. ಎಷ್ಟು ಯೋಚನೆ ಮಾಡಿದರೂ ಬರಲ್ಲ." ಅದಕ್ಕೇ ಆಲೂಗಡ್ಡೆಯ ನೆಪ ಹೇಳಿ ಏಳುತ್ತಿದ್ದರೆಂದು ಆಗ ನನಗೆ ತಿಳಿಯಿತು.

ಕೇಸ್ ನಮಗೆ ಬೆನ್ನು ಮಾಡಿ ಸಿಂಕಿನ ಹತ್ತಿರ ನಿಂತಿದ್ದರು. ನಲ್ಲಿ ಹರಿಯುತ್ತಿತ್ತು. ಅದನ್ನು ನಿಲ್ಲಿಸಿದರು.

"ಐವಿ," ಎಂದರು.

ರೀಟ್ ತಲೆಯೆತ್ತಿದರು. "ಏನಂದೆ?"

"ಅವಳ ಹೆಸರು ಐವಿ."

ನಾಯಿಯೊಂದು ಎದ್ದು ಮೈ ಕೊಡವಿ ಮತ್ತೆ ಮಲಗಿತು. ರೀಟ್ ಗೆದ್ದೆನೆಂದು ಬೀಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಿಳಿಚಿಹೋಗಿತ್ತು. "ಇಷ್ಟು ವರ್ಷ ನನ್ನನ್ನ ಸುಳ್ಳುಗಾರ್ತಿ ಮಾಡಿದೆಯಲ್ಲ, ಕೇಸ್," ಎಂದಷ್ಟೇ ಹೇಳಿದರು.

ಕೇಸ್ ಕೈ ಒರೆಸಿಕೊಂಡು ಬಂದು ಕೂತರು. ರೆಕಾರ್ಡರನ್ನು ನನ್ನ ಕಡೆ ತಳ್ಳಿದರು. ಆರಿಸಬೇಕೋ ಇಡಬೇಕೋ ತಿಳಿಯದೆ ನಾನು ಕೈ ಹಿಂದೆ ತೆಗೆದುಕೊಂಡೆ. ಅವರು ಮೇಜಿನ ಮೇಲೆ ಕಣ್ಣು ನೆಟ್ಟು ಹೇಳಿದರು.

"ನನಗೆ ಹತ್ತು ವರ್ಷ. ಅವಳಿಗೆ ಒಂಬತ್ತಿರಬೇಕು. ಕುರಿಗಳ ನೀರಿನ ತೊಟ್ಟಿ ನೋಡೋಕೆ ನಾವಿಬ್ಬರೂ ಒಂದೇ ಕುದುರೆ ಮೇಲೆ ಹೋಗ್ತಿದ್ವಿ. ಅವತ್ತು ಕಾರು ಬಂದಾಗ ಅಪ್ಪ ನನ್ನನ್ನ ಗೇಟು ತೆಗೆಯೋಕೆ ಕಳಿಸಿದರು. ಸ್ಟೇಷನ್ನಿನ ಮಕ್ಕಳ ಕೆಲಸವೇ ಅದು. ಮನೆಗೂ ದೊಡ್ಡ ರಸ್ತೆಗೂ ನಡುವೆ ಗೇಟು ಮೇಲೆ ಗೇಟು. ಸರ್ಕಾರದವರು ಜಗಲಿ ಮೇಲೆ ಕೂತು ಚಹಾ ಕುಡಿದರು. ಹೋಗುವಾಗ ಗೇಟು ತೆಗೆಯೋಕೆ ನನ್ನನ್ನೂ ಕಾರಲ್ಲಿ ಕೂರಿಸಿಕೊಂಡರು. ಐವಿ ಹಿಂದಿನ ಸೀಟಲ್ಲಿದ್ದಳು. ಅವಳು ಯಾವತ್ತೂ ಕಾರು ಹತ್ತಿರಲಿಲ್ಲ. ನಗ್ತಾ ಇದ್ದಳು. ನಾನೂ ನಗ್ತಾ ಇದ್ದೆ. ಸುಮ್ಮನೆ ಒಂದು ಸುತ್ತು ಹೋಗಿ ಬರ್ತೀವಿ ಅಂದುಕೊಂಡಿದ್ವಿ."

ರೀಟ್ ಎದ್ದು ಹೋಗಲಿಲ್ಲ.

"ಕೊನೆಯ ಗೇಟಿನಲ್ಲಿ ನನ್ನನ್ನ ಇಳಿಸಿದರು. ನಾವು ದಾಟಿದ ಮೇಲೆ ಗೇಟು ಹಾಕಿಕೊಂಡು ಮನೆಗೆ ನಡೆದು ಹೋಗು ಅಂದರು. ಅವಳೂ ಇಳಿಯೋಕೆ ಬಂದಳು. ಪಕ್ಕದಲ್ಲಿದ್ದ ಹೆಂಗಸು ಅವಳ ತೋಳು ಹಿಡಕೊಂಡಳು. ಆಗ ಅವಳು ನನ್ನ ಹೆಸರು ಕರೆದಳು. ನಾನು ಗೇಟು ಹಾಕಿದೆ. ಕುರಿ ಆಚೆ ಹೋಗಬಾರದು ಅಂತ ಅಪ್ಪ ಯಾವಾಗಲೂ ಹೇಳ್ತಿದ್ದರಲ್ಲ. ಅದಕ್ಕೇ ಹಾಕಿದೆ."

ರೀಟ್ ಮೇಜಿನ ಮೇಲೆ ಕೈ ಚಾಚಿ ಅಣ್ಣನ ಕೈ ಮೇಲಿಟ್ಟರು. ಅಷ್ಟೇ. ಆಮೇಲೆ ಅವರು, "ಮರಿಗೆ ಹಾಲು ಕುಡಿಸ್ತೀನಿ," ಎಂದು ಎದ್ದರು. ಕೇಸ್ ಬೇಡವೆನ್ನಲಿಲ್ಲ.

ಇನ್ನು ಮುಂದೆ ಸುಗಮ ಎಂದುಕೊಂಡೆ. ನನ್ನ ಹಣೆಬರಹ ಹಾಗೆಲ್ಲಿದೆ? ಡಾಲಿಯ ಜನರಿಂದ ಶುರುವಾಗುವ ಮೊದಲ ಪುಟಕ್ಕೆ ಕೇಸ್ ಒಪ್ಪಿದರು. ಮಗಳನ್ನು ಒಯ್ದ ಕೆಲವೇ ವಾರಗಳಲ್ಲಿ ಡಾಲಿ ಗುಡಿಸಲು ಬಿಟ್ಟು ನಡೆದುಹೋದಳೆಂದು, ಎಲ್ಲಿಗೆಂದು ಯಾರೂ ಕೇಳಲಿಲ್ಲವೆಂದು ಬರೆದದ್ದಕ್ಕೂ ಒಪ್ಪಿದರು. ಆದರೆ ಕಾರಿನ ದಿನಕ್ಕೆ ಬಂದಾಗ ಹೊಸ ತಕರಾರು ತೆಗೆದರು. ನಾನು "ಮೇಲ್ವಿಚಾರಕನ ಮಗ ಗೇಟು ಮುಚ್ಚಿದ" ಎಂದು ಬರೆದಿದ್ದೆ. ಅವರು ಅದನ್ನು ಹೊಡೆದುಹಾಕಿ, "ಐವಿಯನ್ನು ಕಾರಿನಲ್ಲಿ ಒಯ್ದರು. ಗೇಟು ಮುಚ್ಚಿದವನು ನಾನು," ಎಂದು ಬರೆದರು.

"ಚರಿತ್ರೆಯಲ್ಲಿ 'ನಾನು' ಬರೋಕಾಗಲ್ಲ," ಎಂದೆ. "ಉಳಿದ ಪುಸ್ತಕ ಎಲ್ಲ 'ಅವರು' ಅಂತಿದೆ. ಓದೋರಿಗೆ ಯಾರು ಮಾತಾಡ್ತಿದಾರೆ ಅಂತ ಗೊಂದಲ ಆಗುತ್ತೆ."

"ಉಳಿದದ್ದು ನಿನ್ನದು. ಹೇಗೆ ಬೇಕಾದರೂ ಬರಕೋ. ಈ ಸಾಲು ನನ್ನದು."

ಎರಡು ಶನಿವಾರ ವಾದ ಮಾಡಿ ನಾನು ಸೋತೆ. ಹಸ್ತಪ್ರತಿಯನ್ನು ಇತಿಹಾಸ ಸಂಘಕ್ಕೆ ಕಳಿಸಿದೆ. ಅದರ ಸಂಪಾದಕರು ನಿವೃತ್ತ ಶಾಲಾಮಾಸ್ತರರು, ಬಹಳ ಅಚ್ಚುಕಟ್ಟಿನ ಮನುಷ್ಯ. ಡಚ್‌ಗೆ ಅನುವಾದ ಮಾಡಿಸಿ, ತಿದ್ದಿದ ಪ್ರತಿ ಕಳಿಸಿದರು. ಆ ಸಾಲಿನಲ್ಲಿ ವ್ಯಾಕರಣದ ದೋಷ ಸರಿಪಡಿಸಿದ್ದೇನೆ ಎಂದು ಟಿಪ್ಪಣಿ. 'ನಾನು' ಹೋಗಿ ಮತ್ತೆ 'ಮೇಲ್ವಿಚಾರಕನ ಮಗ' ಆಗಿತ್ತು. ನಾನು ಮೇಲ್ ಬರೆದೆ. ಪುಸ್ತಕದ ಶೈಲಿ ಒಂದೇ ತೆರನಾಗಿರಬೇಕು ಎಂದು ಉತ್ತರ ಬಂತು. ನನ್ನದೇ ವಾದ! ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇದನ್ನು ಕೇಸ್‌ಗೆ ಹೇಗೆ ಹೇಳುವುದೆಂದು ತೋಚದೆ ರೀಟ್‌ಗೆ ಫೋನ್ ಮಾಡಿದೆ.

"ಅವನ ಮನೆ ನನಗೆ ಗೊತ್ತು," ಎಂದರು ರೀಟ್. ಸುರಿಯುವ ಮಳೆಯಲ್ಲಿ ಸೈಕಲ್ ತುಳಿದುಕೊಂಡು ಮಾಸ್ತರರ ಮನೆಗೆ ಹೋದರಂತೆ. ಅವರ ಹೊಸ ಸೋಫಾದ ಮೇಲೆ ಒದ್ದೆ ಕೋಟಿನಲ್ಲೇ ಕೂತು, ಆ ಸಾಲನ್ನು ಮೊದಲಿದ್ದ ಹಾಗೆ ಬರೆಯುವ ತನಕ ಏಳುವುದಿಲ್ಲ ಎಂದರಂತೆ. ಮಾಸ್ತರರು ಸೋಫಾ ನೋಡಿದರು, ರೀಟ್‌ರನ್ನು ನೋಡಿದರು, ಬರೆದುಕೊಟ್ಟರು. ಆ ವಿಷಯವೇ ಪುಸ್ತಕದಲ್ಲಿ ಬರಬಾರದೆಂದು ಚಳಿಗಾಲವಿಡೀ ಹೋರಾಡಿದ್ದ ಅಣ್ಣನ ಪರವಾಗಿ, ಅವರ ಸಾಲನ್ನು ಉಳಿಸಲೆಂದು ತಂಗಿ ಹೋಗಿದ್ದರು.

ಅಷ್ಟರಲ್ಲಿ ನನ್ನ ಪರವಾನಗಿಯ ಅವಧಿ ಮುಗಿಯುತ್ತ ಬಂದಿತ್ತು. ಮ್ಯೂಸಿಯಮ್ಮಿನ ಆಸೆ ಕೈಬಿಟ್ಟು ಆಮ್ಸ್ಟರ್‌ಡ್ಯಾಮ್‌ನ ಬ್ಯಾಂಕೊಂದರಲ್ಲಿ ಗ್ರಾಹಕರ ಕಾಗದಪತ್ರ ಪರಿಶೀಲಿಸುವ ಕೆಲಸ ಹಿಡಿದೆ. ಇವತ್ತಿಗೂ ಅದೇ ಕೆಲಸ. ಐವಿಯನ್ನು ಹುಡುಕಲು ಕೇಸ್ ಆಸ್ಟ್ರೇಲಿಯಾದ ಕಡೆಗೆ ಎಷ್ಟೋ ಸಲ ಬರೆದರು. ಬರೀ ಐವಿ ಎಂಬ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ, ಆ ಹೆಸರನ್ನು ಬದಲಿಸಿಯೂ ಇರಬಹುದು ಎಂದು ಅಲ್ಲಿನವರು ಹೇಳಿದರು. ಇಂದಿಗೂ ಸಿಕ್ಕಿಲ್ಲ.

ಪುಸ್ತಕ ಬಿಡುಗಡೆಯಾದದ್ದು ಸೆಪ್ಟೆಂಬರಿನಲ್ಲಿ, ಹಳ್ಳಿಯ ಸಭಾಂಗಣದಲ್ಲಿ. ನಾನು ಆಮ್ಸ್ಟರ್‌ಡ್ಯಾಮ್‌ನಿಂದ ಹೋಗಿದ್ದೆ. ಹಳ್ಳಿಯ ಜನ ಭಾನುವಾರದ ಬಟ್ಟೆ ತೊಟ್ಟು ಬಂದಿದ್ದರು. ಕೇಸ್ ಬರ, ಪ್ರವಾಹ, ಉಣ್ಣೆ ಕತ್ತರಿಸುವವರ ಬೈಗುಳ ಎಲ್ಲ ಓದಿದರು, ಜನ ನಕ್ಕರು. ಆಮೇಲೆ ಆ ಪುಟ ತೆಗೆದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಇಳಿಯಿತು. "ಗೇಟು ಮುಚ್ಚಿದವನು ನಾನು," ಎಂದು ಓದಿ ಪುಸ್ತಕ ಮಡಚಿದರು.

ಮಾಸ್ತರರು, ಯಾರಾದರೂ ಪ್ರಶ್ನೆ ಕೇಳಬಹುದು ಎಂದರು. ಮುಂದಿನ ಸಾಲಿನ ದಪ್ಪ ಮನುಷ್ಯನೊಬ್ಬ ಕೈ ಎತ್ತಿ, "ಅಲ್ಲಿ ಕಾಂಗರೂಗಳು ಬಹಳ ಇದ್ದವಾ?" ಎಂದ.

ಒಂದು ವರ್ಷ! ಒಂದು ವರ್ಷ ಎದುರುಗಾಳಿಯಲ್ಲಿ ಸೈಕಲ್ ತುಳಿದದ್ದು ಕಾಂಗರೂ ಲೆಕ್ಕ ಕೊಡುವುದಕ್ಕಾ? ನಾನು ಎದ್ದು ಏನಾದರೂ ಅನ್ನುವ ಮುಂಚೆ ರೀಟ್ ಎದ್ದರು. ಅಣ್ಣನ ಪಕ್ಕ ಹೋಗಿ ನಿಂತರು.

"ಕಾಂಗರೂ ಬೇಕಾದಷ್ಟಿದ್ದವು," ಎಂದರು. "ಅದನ್ನ ಆಮೇಲೆ ಕೇಳಿ. ಈಗ ಐವಿಯ ಬಗ್ಗೆ ಕೇಳಿ."

ಕುರ್ಚಿಗಳು ಕಿರುಗುಟ್ಟಿದವು. ಕೊನೆಗೆ ಹಿಂದಿನಿಂದ ಹೆಂಗಸೊಬ್ಬಳು, "ಅವಳು ನೋಡೋಕೆ ಹೇಗಿದ್ದಳು?" ಎಂದಳು.

"ತೆಳ್ಳಗೆ," ಎಂದರು ಕೇಸ್. "ಮುಂದಿನ ಹಲ್ಲೊಂದು ಮುರಿದಿತ್ತು. ಕುದುರೆಯಿಂದ ಬಿದ್ದು."

"ಕುದುರೆಯಿಂದ ಅಲ್ಲ, ತೊಟ್ಟಿ ಮೇಲಿಂದ," ಎಂದರು ರೀಟ್. "ಹಸಿರು ಲಂಗ ಹಾಕ್ತಿದ್ದಳು. ನನ್ನ ಲಂಗದ್ದೇ ಬಟ್ಟೆ."

"ನೀಲಿ."

"ಹಸಿರು, ಕೇಸ್. ಅದನ್ನ ಅಮ್ಮ ಹೊಲೆದದ್ದು."

"ನೀಲಿ. ನಾನು ಅವಳ ಹಿಂದೆ ಕುದುರೆ ಮೇಲೆ ಕೂತಿರ್ತಿದ್ದೆ, ನನಗೆ ಗೊತ್ತಿಲ್ವಾ?"

ಸಭಾಂಗಣದ ಜನ ಮುಖ ಮುಖ ನೋಡಿಕೊಂಡರು. ಮಾಸ್ತರರು ಗಡಿಯಾರ ನೋಡಿಕೊಂಡರು. ನಾನು ಬ್ಯಾಗಿನಿಂದ ಪೆನ್ನು ತೆಗೆದು, ಕೈಯಲ್ಲಿದ್ದ ಹೊಸ ಪುಸ್ತಕದ ಖಾಲಿ ಪುಟದ ಮೇಲೆ ಹಸಿರು, ನೀಲಿ ಎರಡನ್ನೂ ಬರೆದುಕೊಂಡೆ.